ಎತ್ತರದ ಹುಡುಗನ ಸೋಲು

1995ರ ಜೂನ್‌ನಲ್ಲಿ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಒರ್ಲ್ಯಾಂಡೊ ಮ್ಯಾಜಿಕ್ ತಂಡ ಹ್ಯೂಸ್ಟನ್ ರಾಕೆಟ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. ಒರ್ಲ್ಯಾಂಡೊದ ಸೆಂಟರ್ ಶಕೀಲ್ ಓನೀಲ್‌ಗೆ ಆಗ 23 ವರ್ಷ, ಏಳಡಿ ಒಂದಂಗುಲ ಎತ್ತರ. ಎದುರಿಗಿದ್ದ ಹಕೀಮ್ ಒಲಾಜುವಾನ್‌ಗೆ 32. ಈ ಸೋಲಿನ ಕಥೆಯನ್ನು ಹೇಳುವವರೆಲ್ಲ ಹಾಡುವುದು ಒಂದೇ ರಾಗ: ಹುಡುಗನಿಗೆ ಮೈಬಲವಿತ್ತು, ವಿದ್ಯೆಯಿರಲಿಲ್ಲ, ಗುರು ಸಿಕ್ಕ, ಪಾಠ ಕಲಿಸಿದ. ನನಗೇಕೋ ಈ ಕಥೆ ಒಪ್ಪಿಗೆಯಾಗುವುದಿಲ್ಲ.

ಸೆಂಟರ್ ಎಂದರೆ ಬಾಸ್ಕೆಟ್ ಹತ್ತಿರ ನಿಂತು ಆಡುವವನು, ಸಾಮಾನ್ಯವಾಗಿ ತಂಡದಲ್ಲಿ ಎಲ್ಲರಿಗಿಂತ ಎತ್ತರದವನು. ವಯಸ್ಸಿಗೆ ಮೀರಿ ಬೆಳೆದ ಹುಡುಗರ ಪಾಡು ನಮಗೆ ಗೊತ್ತಿಲ್ಲವೆ? "ಇಷ್ಟುದ್ದ ಬೆಳೆದಿದ್ದೀಯಲ್ಲೋ, ಅಷ್ಟೂ ತಿಳಿಯೋದಿಲ್ವೆ?" ಎಂದು ಹತ್ತು ವರ್ಷದವನನ್ನು ಗದರುತ್ತೇವೆ. ಮೈ ನೋಡಿ ವಯಸ್ಸು ಲೆಕ್ಕ ಹಾಕುವುದು ನಮ್ಮ ಹಳೆಯ ಚಾಳಿ.

ಆ ನಾಲ್ಕೂ ಪಂದ್ಯಗಳಲ್ಲಿ ಹಕೀಮನೇ ಹೆಚ್ಚು ಅಂಕ ಗಳಿಸಿದ, ನಿಜ. ಆದರೆ ಶಕೀಲನದೂ ಪಂದ್ಯಕ್ಕೆ ಸರಾಸರಿ 28 ಅಂಕ. ಹಕೀಮನ ಹೊಡೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿದವು. ಹುಡುಗನ ಹೊಡೆತಗಳಲ್ಲಿ ನೂರಕ್ಕೆ ಸುಮಾರು 60 ಬಾಸ್ಕೆಟ್ ಸೇರಿದವು. ಇದನ್ನು ಪಾಠ ಕಲಿಸಿಕೊಂಡದ್ದು ಎನ್ನುವುದು ಹೇಗೆ?

ಹಕೀಮನ ಆಟದ ಚೆಲುವನ್ನು ಅಲ್ಲಗಳೆಯುತ್ತಿಲ್ಲ. ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿ ಬೆಳೆದ ಕಾಲುಗಳು ಅವು. ಹಳೆಯ ವಿಡಿಯೊ ಹಾಕಿಕೊಂಡು ನೋಡಿದೆ. ಎಡಕ್ಕೆ ಹೋದಂತೆ ಭುಜ ಕುಣಿಸಿ ಬಲಕ್ಕೆ ತಿರುಗುತ್ತಾನೆ. ಎದುರಿನವನು ನೆಗೆದು ಕೆಳಗಿಳಿಯುವ ಹೊತ್ತಿಗೆ ಇವನು ಸಾವಕಾಶವಾಗಿ ಚೆಂಡು ಬಿಡುತ್ತಾನೆ. ಬಾಸ್ಕೆಟ್‌ನಿಂದ ದೂರ ಸರಿದು ನಿಂತೂ ಗುರಿ ಹೊಡೆಯಬಲ್ಲ. ಶಕೀಲ್ ಅವನ ಹಿಂದೆಯೇ ದೂರ ಹೋಗಬೇಕಾಗುತ್ತಿತ್ತು, ಬಾಸ್ಕೆಟ್ ಬಳಿ ಕಾವಲಿಲ್ಲದಂತಾಗುತ್ತಿತ್ತು. ನನಗೆ ಕಂಡ ನಿಜವಾದ ಕಷ್ಟ ಇದೊಂದೇ.

ಮೊದಲ ಪಂದ್ಯವನ್ನಂತೂ ಶಕೀಲನ ತಲೆಗೆ ಕಟ್ಟುವುದು ಶುದ್ಧ ಅನ್ಯಾಯ. ಇನ್ನು ಹತ್ತು ಸೆಕೆಂಡು, ಮೂರು ಅಂಕಗಳ ಮುನ್ನಡೆ. ಆಗ ಸಾಲಾಗಿ ನಾಲ್ಕು ಫ್ರೀ ಥ್ರೋ ತಪ್ಪಿಸಿದವನು ಅವನ ಜೊತೆಗಾರ ನಿಕ್ ಆ್ಯಂಡರ್ಸನ್. ಹ್ಯೂಸ್ಟನ್‌ನ ಕೆನ್ನಿ ಸ್ಮಿತ್ ದೂರದಿಂದ ಮೂರು ಅಂಕದ ಹೊಡೆತ ಹೊಡೆದು ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಒರ್ಲ್ಯಾಂಡೊ ಎರಡೇ ಅಂಕದಿಂದ ಸೋತಿತು. ಆ ತಂಡ ಮತ್ತೆ ಚೇತರಿಸಿಕೊಳ್ಳಲಿಲ್ಲ.

1994ರಲ್ಲಿ ಇಂಡಿಯಾನಾ ಎದುರು, 1996ರಲ್ಲಿ ಷಿಕಾಗೊ ಎದುರು ಇದೇ ಗತಿ, ಒಂದು ಪಂದ್ಯವೂ ದಕ್ಕಲಿಲ್ಲ. ಲಾಸ್ ಏಂಜಲಿಸ್ ಲೇಕರ್ಸ್ ಸೇರಿದ ಮೇಲೂ 1998, 1999ರಲ್ಲಿ ಹಾಗೆಯೇ. ಪ್ರತಿ ಸಲವೂ ಅದೇ ಉಪದೇಶ: ಬಲ ಸಾಲದು, ಹಕೀಮನಂತೆ ನಾಜೂಕು ಕಲಿ.

ಅವನು ಹಕೀಮನಾಗಲಿಲ್ಲ. 2000ದಲ್ಲಿ ಕೋಚ್ ಫಿಲ್ ಜಾಕ್ಸನ್ ಕೈಕೆಳಗೆ, ಕೋಬಿ ಬ್ರಯಂಟ್ ಜೊತೆಗೆ, ಅದೇ ಮೈಬಲದಿಂದ, ಬಾಸ್ಕೆಟ್ ಬಳಿಯ ಅದೇ ಜಾಗದಲ್ಲಿ ನಿಂತು ಫೈನಲ್ ಗೆದ್ದ. ಪಂದ್ಯಕ್ಕೆ ಸರಾಸರಿ 38 ಅಂಕ. 2001, 2002ರಲ್ಲೂ ಗೆದ್ದ. ಮೂರೂ ಬಾರಿ ಫೈನಲ್‌ನ ಶ್ರೇಷ್ಠ ಆಟಗಾರ ಅವನೇ.

ನನ್ನ ತಕರಾರು ಬೇರೆ. ಯಾರೂ ಅಡ್ಡ ಬಾರದ ಫ್ರೀ ಥ್ರೋದಲ್ಲಿ, ಇಡೀ ವೃತ್ತಿಜೀವನದಲ್ಲಿ, ಅವನಿಗೆ ದಕ್ಕಿದ್ದು ನೂರಕ್ಕೆ 53ರ ಆಸುಪಾಸು. ಎದುರಾಳಿಗಳು ಬೇಕೆಂದೇ ಫೌಲ್ ಮಾಡಿ ಅವನನ್ನು ಆ ಗೆರೆಗೆ ಕಳಿಸುತ್ತಿದ್ದರು. ಬೈಯುವುದೇ ಆದರೆ ಇದಕ್ಕೆ ಬೈಯಬೇಕಿತ್ತು.