ಹಂಚಿನ ಗುಣ ಅಚ್ಚಿನಲ್ಲಿಲ್ಲ

ಪ್ರೊಸೆಸ್ ಎಂಜಿನಿಯರಿಂಗ್ ಎಂದಾಗ ಮಂಗಳೂರಿನವರಿಗೆ ನೆನಪಾಗುವುದು ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ಗೋಪುರಗಳು, ಪಣಂಬೂರಿನ ರಸಗೊಬ್ಬರ ಕಾರ್ಖಾನೆ. ಈ ವಿದ್ಯೆಯ ಮೊದಲ ಪಾಠವನ್ನು ಊರು ಅವಕ್ಕಿಂತ ನೂರು ವರ್ಷ ಮೊದಲೇ ಜೆಪ್ಪುವಿನಲ್ಲಿ ಕಲಿತಿತ್ತು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಆ ಕಥೆ ಹೇಳುವವರು ಸಾಮಾನ್ಯವಾಗಿ ಅಚ್ಚಿನ ಯಂತ್ರವನ್ನು ಹೊಗಳುತ್ತಾರೆ. ನಿಜವಾದ ಹಿರಿಮೆ ಇರುವುದು ಅಚ್ಚಿನ ಹಿಂದೆ ಮುಂದೆ ನಡೆಯುವ ಕೆಲಸದಲ್ಲಿ.

ಮಂಗಳೂರು ಹಂಚು ರೀಪಿನ ಮೇಲೆ ಒಂಟಿಯಾಗಿ ಕೂರುವುದಿಲ್ಲ. ಒಂದರ ಏಣು ಇನ್ನೊಂದರ ತೋಡಿಗೆ ಸೇರಬೇಕು. ಜೇಡಿಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಅದಕ್ಕಾಗಿ ಅಚ್ಚನ್ನು ಹಂಚಿಗಿಂತ ದೊಡ್ಡದಾಗಿ ಮಾಡುತ್ತಾರೆ. ಆದರೆ ಎಲ್ಲ ಹಂಚುಗಳೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಎಷ್ಟು ಒಳ್ಳೆಯ ಅಚ್ಚಿದ್ದರೂ ಮಾಡು ಸೋರುತ್ತದೆ. ಹೀಗಾಗಿ ಮಣ್ಣು ಬೆರೆಸಿ ಹದಕ್ಕೆ ಬಿಡುವುದು, ಯಂತ್ರದಲ್ಲಿ ಅರೆಯುವುದು, ಒತ್ತುವುದು, ನೆರಳಲ್ಲಿ ಒಣಗಿಸುವುದು, ಸುಡುವುದು ಇವೆಲ್ಲ ಕುಗ್ಗುವಿಕೆಯನ್ನು ಹಿಡಿತದಲ್ಲಿಡುವ ಒಂದೇ ಸರಪಣಿ. ಒಂದು ಹಂತದ ತಪ್ಪನ್ನು ಮುಂದಿನ ಹಂತ ತಿದ್ದಲಾರದು.

ಅತಿ ಕಠಿಣ ಹಂತ ಒಣಗಿಸುವುದು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಗಾಳಿಯ ತೇವವೇ ಎದುರಾಳಿ. ಅವಸರದಲ್ಲಿ ಒಣಗಿಸಿದರೆ ಹೊರಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಹಸಿಯಾಗಿಯೇ ಸುಡುವ ಗೂಡಿಗಿಟ್ಟರೆ ಒಳಗಿನ ಆವಿ ಹಂಚನ್ನು ಒಡೆಯುತ್ತದೆ. ಗೂಡಿನಲ್ಲೂ ಆತುರ ಸಲ್ಲದು: 573 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮಣ್ಣಿನಲ್ಲಿರುವ ಬೆಣಚಿನ ಹರಳುಗಳು ಹಠಾತ್ತನೆ ಹಿಗ್ಗುತ್ತವೆ, ಆರುವಾಗ ಮತ್ತೆ ಕುಗ್ಗುತ್ತವೆ. ಸಾಕಷ್ಟು ಗಾಳಿಯಾಡಿದರೆ ಮಾತ್ರ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಗೂಡಿಗೆ ಥರ್ಮೋಮೀಟರ್ ಇಲ್ಲದ ಕಾಲದಲ್ಲಿ ಬೆಂಕಿಯ ಬಣ್ಣ ನೋಡಿ ಕಾವು ಅಳೆದವರು, ಬಡಿದಾಗ ಹೊಮ್ಮುವ ನಾದದಿಂದ ಬಿರುಕು ಪತ್ತೆ ಮಾಡಿದವರು ಕಾರ್ಮಿಕರೇ. ಈ ಉದ್ಯಮದ ನಿಯಂತ್ರಣ ಉಪಕರಣಗಳು ಅವರ ಕಣ್ಣು, ಕಿವಿ.

ಈ ಪ್ರಕ್ರಿಯೆಯ ದೊಡ್ಡ ಕೊರತೆಯೂ ಅಲ್ಲಿಯೇ ಇದೆ. ಯಂತ್ರಕ್ಕೆ ನಕ್ಷೆಯಿತ್ತು, ಈ ಅನುಭವಕ್ಕೆ ಬರಹವಿರಲಿಲ್ಲ. ಕಾರ್ಖಾನೆ ಮುಚ್ಚಿ ಗೂಡು ಆರಿದಾಗಲೆಲ್ಲ ಒಂದು ತಲೆಮಾರಿನ ತಿಳಿವಳಿಕೆ ಅಳಿಯಿತು. ಎರಡನೆಯ ಕೊರತೆ ಲೆಕ್ಕದ್ದು. ಹಂಚಿನ ಬೆಲೆಯಲ್ಲಿ ಸೌದೆಯ ಕ್ರಯ ಸೇರಿತ್ತು, ಬೋಳಾದ ಗುಡ್ಡ ಸೇರಿರಲಿಲ್ಲ. ಮಣ್ಣಿನ ಸಾಗಾಟ ಸೇರಿತ್ತು, ಗುಂಡಿಬಿದ್ದ ಗದ್ದೆ ಸೇರಿರಲಿಲ್ಲ. ಕಾರ್ಖಾನೆಯ ಗೇಟಿಗೇ ಲೆಕ್ಕ ಮುಗಿಸುವ ಈ ರೂಢಿಯಿಂದ ಇಂದಿನ ಉದ್ಯಮವೂ ಪೂರ್ತಿ ಬಿಡಿಸಿಕೊಂಡಿಲ್ಲ.

ಇಷ್ಟಾದರೂ ಸ್ಥಳೀಯ ಮಣ್ಣಿನಿಂದ, ಸ್ಥಳೀಯ ಮಳೆಗಾಗಿ ಒಂದೇ ಅಳತೆಯ ವಸ್ತುವನ್ನು ಲಕ್ಷಗಟ್ಟಲೆ ತಯಾರಿಸಿದ್ದು ಅಸಾಧಾರಣ ಸಾಧನೆ. ಸುರತ್ಕಲ್‌ನ ಎನ್‌ಐಟಿಕೆಯಂಥ ಎಂಜಿನಿಯರಿಂಗ್ ಸಂಸ್ಥೆಯ ವಿದ್ಯಾರ್ಥಿಗಳು ಹಳೆಯ ಕೆಲಸಗಾರರ ಜೊತೆ ಕುಳಿತು ಮಣ್ಣಿನ ಹದ, ಒಣಗಿಸುವ ಅವಧಿ, ಗೂಡಿನ ಕಾವನ್ನು ಅಳೆದು ದಾಖಲಿಸಬೇಕು. ಆ ದಾಖಲೆಯಲ್ಲಿ ಗದ್ದೆಯ ಗುಂಡಿಗೂ ಒಂದು ಅಂಕಣ ಇರಲಿ. ಪ್ರೊಸೆಸ್ ಎಂಜಿನಿಯರಿಂಗಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪ್ರವೇಶಿಕೆ ಸಿಗಲಾರದು.