ಸಂಕಲನಗ್ರಂಥಗಳಲ್ಲಿ ಆಕರನಿರ್ದೇಶ

ಸಾಲಿಗ್ರಾಮದ ಸಮೀಪದ ಚಿಕ್ಕಹನಸೋಗೆಯ ತ್ರಿಕೂಟ ಬಸದಿಯೂ ದೇಶೀಗಣ ಪುಸ್ತಕಗಚ್ಛದ ಹನಸೋಗೆ ಬಳಿಯೂ ವಿದ್ವಾಂಸರಿಗೆ ಸುಪರಿಚಿತವಾಗಿವೆ. ಈ ಬಳಿಯ ಲಲಿತಕೀರ್ತಿ ಮುನಿಗಳ ಉಪದೇಶದಿಂದ ಕ್ರಿ.ಶ. 1432ರಲ್ಲಿ ವೀರಪಾಂಡ್ಯನು ಕಾರ್ಕಳದಲ್ಲಿ ಬಾಹುಬಲಿಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಗುರುಪರಂಪರೆಯೊಂದು ಹೀಗೆ ಕಾವೇರಿಯ ಸೀಮೆಯಿಂದ ಕರಾವಳಿಯವರೆಗೆ ಹಬ್ಬಿದುದರಿಂದ, ಅದನ್ನು ಕುರಿತು ಸಂಕಲನವೊಂದನ್ನು ಸಿದ್ಧಪಡಿಸುವವರು ಒಂದೇ ಊರಿನ ಸಾಮಗ್ರಿಯನ್ನು ನೆಚ್ಚಿ ಕುಳಿತಿರಲಾಗದು. ಶಾಸನಪಾಠ, ಓಲೆಪ್ರತಿ, ಮುದ್ರಿತ ಗ್ರಂಥಗಳಿಂದ ಬೇಕಾದ ಭಾಗಗಳನ್ನು ಆಯ್ದು ಒಂದೇ ಹೊತ್ತಗೆಯಲ್ಲಿ ಜೋಡಿಸಬೇಕಾಗುತ್ತದೆ. ಇಂಥ ಕಾರ್ಯದಲ್ಲಿ ಆಯ್ಕೆಯ ಸೊಗಸಿಗಿಂತ ಮೊದಲು ಪರೀಕ್ಷಿಸಬೇಕಾದುದು, ಆಯ್ದ ಭಾಗವು ತನ್ನ ಮೂಲದೊಡನೆ ಸಂಬಂಧವನ್ನು ಉಳಿಸಿಕೊಂಡಿದೆಯೇ ಎಂಬುದನ್ನು.

ಕನ್ನಡದಲ್ಲಿ ಈ ಕಾರ್ಯಕ್ಕೆ ಹಳೆಯ ಮೇಲ್ಪಂಕ್ತಿಯುಂಟು. 13ನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿ, ಪೂರ್ವಕವಿಗಳ ಪದ್ಯಗಳನ್ನು ವರ್ಣನೆಗಳಿಗೆ ಅನುಗುಣವಾಗಿ ವಿಂಗಡಿಸಿದನು. ಪದ್ಯದ ಕರ್ತೃ ಯಾರೆಂಬುದನ್ನು ಅವನು ಹೇಳಲಿಲ್ಲ. ಮೂಲಕಾವ್ಯಗಳು ಬಳಕೆಯಲ್ಲಿದ್ದ ಕಾಲದ ರಸಿಕರಿಗೆ ಅದು ಕೊರತೆಯಾಗಿ ತೋರಿರಲಾರದು. 16ನೆಯ ಶತಮಾನದ ಅಭಿನವವಾದಿ ವಿದ್ಯಾನಂದನಾದರೋ ತನ್ನ 'ಕಾವ್ಯಸಾರ'ದ 45 ವಿಭಾಗಗಳಲ್ಲಿ ಪದ್ಯಗಳೊಡನೆ ಕವಿಗಳ ಹೆಸರನ್ನೂ ಉಳಿಸಿದನು. ಇದರ ಬೆಲೆ ತಿಳಿಯಬೇಕಾದರೆ ಒಂದನೆಯ ಗುಣವರ್ಮನನ್ನು ನೆನೆಯಬೇಕು. ಅವನ 'ಶೂದ್ರಕ', 'ಹರಿವಂಶ'ಗಳು ದೊರೆತಿಲ್ಲ. ಅವುಗಳ ಸ್ವರೂಪ ಪರರ ಗ್ರಂಥಗಳಲ್ಲಿ ಉದ್ಧೃತವಾದ ಪದ್ಯಗಳಿಂದಲೇ ತಿಳಿಯಬೇಕಾಗಿದೆ. ಹೆಸರಿಲ್ಲದೆ ಉಳಿದ ಪದ್ಯವನ್ನು, ಬೇರೆ ಆಧಾರ ಸಿಗದ ಹೊರತು, ಅದರ ಕವಿಗೆ ಮರಳಿಸುವುದು ಸಾಧ್ಯವಿಲ್ಲ.

ಆದರೆ ಗ್ರಂಥದ ಹೆಸರನ್ನು ಹೇಳಿದ ಮಾತ್ರಕ್ಕೆ ಸಂಕಲನಕಾರನ ಹೊಣೆ ಮುಗಿಯುವುದಿಲ್ಲ. ಯಾವ ಪ್ರತಿಯಿಂದ ಪಾಠವನ್ನು ತೆಗೆದುಕೊಂಡಿತು ಎಂಬುದೂ ತಿಳಿದಿರಬೇಕು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾಟೀಕಾಸಹಿತ 'ಷಟ್ಖಂಡಾಗಮ'ದ ಪ್ರಥಮ ಸಂಪುಟ ಹೊರಬಂದಾಗ, ಅದಕ್ಕೆ ಆಧಾರವಾಗಿದ್ದುದು ಮೂಡಬಿದಿರೆಯ ಓಲೆಪ್ರತಿಗಳಿಂದ ಹೊರಟ ಪ್ರತ್ಯಂತರಗಳು. ಸತ್‌ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಅವುಗಳಲ್ಲಿ ಇರಲಿಲ್ಲ. ಅದು ಅಲ್ಲಿ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ಓಲೆಪ್ರತಿಯಲ್ಲಿ ಆ ಪದವೇ ಕಾಣಿಸಿತು. ಮನುಷ್ಯಿಣಿಯರ ಗುಣಸ್ಥಾನವನ್ನು ನಿರೂಪಿಸುವ ಸೂತ್ರವಾದುದರಿಂದ ಈ ಒಂದು ಪದದ ಸುತ್ತ ದೊಡ್ಡ ಚರ್ಚೆಯೇ ನಡೆಯಿತು. ಅಡಿಟಿಪ್ಪಣಿಯನ್ನು ಬಿಟ್ಟು ಸೂತ್ರವನ್ನಷ್ಟೇ ಎತ್ತಿಕೊಂಡ ಸಂಕಲನವು ಗ್ರಂಥದ ಹೆಸರನ್ನು ಸರಿಯಾಗಿ ಕೊಟ್ಟೂ ಪಾಠದಲ್ಲಿ ಎಡವಿದಂತಾಗುತ್ತದೆ.

ಇಂದು ಅಚ್ಚುಮೊಳೆಯ ಸ್ಥಾನದಲ್ಲಿ ಗಣಕಯಂತ್ರ ಬಂದಿದ್ದರೂ ಈ ದೋಷಕ್ಕೆ ಅವಕಾಶ ಕಡಿಮೆಯಾಗಿಲ್ಲ. ಆಯ್ದ ಭಾಗವನ್ನು ನಕಲಿಸಿ ಹೊಸ ಕಡತದಲ್ಲಿ ಅಂಟಿಸಿದೊಡನೆ ಅದು ಮೂಲದಿಂದ ಬೇರ್ಪಡುತ್ತದೆ. ಅನಂತರ ಮೂಲದಲ್ಲಿ ಮಾಡಿದ ತಿದ್ದುಪಡಿ ಅದನ್ನು ತಲುಪುವುದಿಲ್ಲ. ಆದುದರಿಂದ ಒಂದೊಂದು ಪ್ರತಿಯ ಪಾಠವನ್ನೂ ಸಮಗ್ರವಾಗಿ ಪ್ರತ್ಯೇಕ ಕಡತದಲ್ಲಿಟ್ಟು, ಬೇಕಾದ ಭಾಗದ ಆದ್ಯಂತಗಳಿಗೆ ಗುರುತು ಹಾಕಿ, ಸಂಕಲನದ ಮುಖ್ಯ ಕಡತವು ಆ ಗುರುತುಗಳ ಮೂಲಕವೇ ಭಾಗಗಳನ್ನು ತರಿಸಿಕೊಳ್ಳುವ ಕ್ರಮ ಯುಕ್ತವಾದುದು. ಪಾಠವನ್ನು ಮೂಲಕಡತದಲ್ಲಿ ಒಮ್ಮೆ ತಿದ್ದಿ ಹೊತ್ತಗೆಯನ್ನು ಮರಳಿ ಜೋಡಿಸಿದರೆ, ಅದನ್ನು ಬಳಸಿದ ಕಡೆಯಲ್ಲೆಲ್ಲ ತಿದ್ದುಪಡಿ ಮೂಡುತ್ತದೆ. ಪ್ರತಿಯ ಸಂಕೇತ, ಗರಿಯ ಸಂಖ್ಯೆ, ಪಂಕ್ತಿಗಳು ಆ ಗುರುತಿನೊಡನೆಯೇ ಇರತಕ್ಕದ್ದು.

ಇಷ್ಟೊಂದು ಸೂಚನೆಗಳಿಂದ ಪುಟ ತುಂಬಿ ಶ್ರಾವಕರ ಓದಿಗೆ ತೊಡಕಾಗುವುದೆಂಬ ಆಕ್ಷೇಪವಿದೆ. ಪದ್ಯದ ಕೊನೆಯಲ್ಲಿ ಚಿಕ್ಕದೊಂದು ಸಂಕೇತವನ್ನಿತ್ತು ವಿವರವನ್ನು ಅನುಬಂಧಕ್ಕೆ ಸೇರಿಸಿದರೆ ಆ ತೊಡಕು ನೀಗುತ್ತದೆ. ಓಲೆಯ ಪ್ರತಿ ಜೀರ್ಣವಾಗಿ ಸಂಕಲನವೊಂದೇ ಉಳಿಯುವ ಕಾಲ ಬಂದಾಗ, ಮುಂದಿನ ಸಂಶೋಧಕನಿಗೆ ಆ ಸಂಕೇತವೇ ಆಧಾರವಾಗಬೇಕು.