ಹೋಲಿಕೆಯ ಕೆಲಸ ಹೋಲಿಕೆಯ ಚಿಪ್‌ಗೇ ಇರಲಿ

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬ್‌ಗಳಲ್ಲಿ ಕಂಪೇರೇಟರ್ ಎಂದರೆ 741 ಆಪ್ ಆಂಪ್. ಎರಡನೇ ಕಾಲಿಗೆ ರೆಫರೆನ್ಸ್ ವೋಲ್ಟೇಜ್, ಮೂರನೇ ಕಾಲಿಗೆ ಸೈನ್ ವೇವ್, ಫೀಡ್‌ಬ್ಯಾಕ್ ಇಲ್ಲವೇ ಇಲ್ಲ. ಆರನೇ ಕಾಲಲ್ಲಿ ಸ್ಕ್ವೇರ್ ವೇವ್ ಬಂತೆಂದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಬಿತ್ತು. ತತ್ವ ತಿಳಿಸಲು ಇದು ಚೆಂದದ ಪ್ರಯೋಗ. 741 ತನ್ನ ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಸುಮಾರು 2 ಲಕ್ಷ ಪಟ್ಟು ಹಿಗ್ಗಿಸುತ್ತದೆ. ಆಫ್‌ಸೆಟ್ ಬದಿಗಿಟ್ಟರೆ, ಮಿಲಿವೋಲ್ಟ್‌ನ ಹತ್ತರಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೂ ಔಟ್‌ಪುಟ್ ಈ ತುದಿಗೋ ಆ ತುದಿಗೋ ಹೋಗಿ ನಿಲ್ಲುತ್ತದೆ. ತೊಂದರೆ ಇರುವುದು ಈ ಅಭ್ಯಾಸ ಲ್ಯಾಬಿನಿಂದ ಮನೆಯ ಪ್ರಾಜೆಕ್ಟಿಗೂ ಬಂದು ಕೂರುವುದರಲ್ಲಿ. ಆಪ್ ಆಂಪ್ ಹುಟ್ಟಿದ್ದು ಸಮತೋಲ ಕಾಯಲು, ತೀರ್ಪು ಹೇಳಲು ಅಲ್ಲ. ತೀರಾ ನಿಧಾನದ ಕೆಲಸಗಳನ್ನು ಬಿಟ್ಟರೆ ಅದನ್ನು ಕಂಪೇರೇಟರ್ ಜಾಗದಲ್ಲಿ ಕೂರಿಸಬಾರದು ಎಂಬುದು ನನ್ನ ವಾದ.

ಕಾರಣ ಚಿಪ್ಪಿನ ಒಳಗೇ ಇದೆ. ಡೇವ್ ಫುಲ್ಲಾಗರ್ ರೂಪಿಸಿ, ಫೇರ್‌ಚೈಲ್ಡ್ ಕಂಪನಿ 1968ರಲ್ಲಿ ತಂದ 741ರ ಹೆಗ್ಗಳಿಕೆಯೇ ಅದರೊಳಗಿನ 30 ಪಿಕೋಫ್ಯಾರಡ್ ಕೆಪಾಸಿಟರ್. ಫೀಡ್‌ಬ್ಯಾಕ್ ಕೊಟ್ಟಾಗ ಆಂಪ್ಲಿಫೈಯರ್ ತಾನಾಗಿ ಆಸಿಲೇಟ್ ಆಗದಂತೆ ತಡೆಯುವುದು ಅದೇ. ಆದರೆ ಔಟ್‌ಪುಟ್ ಮೇಲೇರಬೇಕಾದರೂ ಕೆಳಗಿಳಿಯಬೇಕಾದರೂ ಆ ಕೆಪಾಸಿಟರ್ ಮೊದಲು ತುಂಬಬೇಕು, ಇಲ್ಲವೇ ಬರಿದಾಗಬೇಕು. ಅದಕ್ಕೆ ಸಿಗುವ ಕರೆಂಟ್ ಹದಿನೈದಿಪ್ಪತ್ತು ಮೈಕ್ರೋಆಂಪಿಯರ್ ಮಾತ್ರ. ಹೀಗಾಗಿ ಔಟ್‌ಪುಟ್‌ನ ಓಟ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್. ಪ್ಲಸ್ ಮೈನಸ್ 15 ವೋಲ್ಟ್ ಸಪ್ಲೈ ಕೊಟ್ಟಾಗ ಔಟ್‌ಪುಟ್ ಮೈನಸ್ 13ರಿಂದ ಪ್ಲಸ್ 13ಕ್ಕೆ ಹೋಗಬೇಕು ಅನ್ನಿ: 26 ವೋಲ್ಟ್ ದೂರಕ್ಕೆ 52 ಮೈಕ್ರೋಸೆಕೆಂಡ್ ಬೇಕು. 10 ಕಿಲೋಹರ್ಟ್ಸ್ ಅಲೆಯ ಅರ್ಧ ಆವರ್ತವೇ 50 ಮೈಕ್ರೋಸೆಕೆಂಡ್! ಅಂದರೆ ಔಟ್‌ಪುಟ್ ತುದಿ ಮುಟ್ಟುವ ಮೊದಲೇ ಹಿಂತಿರುಗುವ ಹೊತ್ತಾಗಿರುತ್ತದೆ. ಸಿಆರ್‌ಓ ಪರದೆಯಲ್ಲಿ ಸ್ಕ್ವೇರ್ ವೇವ್ ಬದಲು ತ್ರಿಕೋನದ ಸಾಲು ಕಾಣುತ್ತದೆ. ಕಂಪೇರೇಟರ್ ಎಂದೇ ಮಾಡಿದ ಎಲ್‌ಎಂ393ರಲ್ಲಿ ಆ ಕೆಪಾಸಿಟರ್ ಇಲ್ಲ, ಅದು ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಉತ್ತರ ಹೇಳಿ ಮುಗಿಸುತ್ತದೆ. 709 ಆಪ್ ಆಂಪ್ ರೂಪಿಸಿದ ಬಾಬ್ ವಿಡ್ಲರ್, ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೋಲಿಕೆಗೆಂದೇ 710 ಎಂಬ ಬೇರೆ ಚಿಪ್ ಮಾಡಿದ್ದ. ಒಂದರಿಂದಲೇ ಎರಡೂ ಕೆಲಸ ಸಾಗುವಂತಿದ್ದರೆ ಅವನು ಆ ಶ್ರಮ ಪಡುತ್ತಿರಲಿಲ್ಲ.

ವೇಗವೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. 741ಕ್ಕೆ 5 ವೋಲ್ಟ್ ಸಪ್ಲೈ ಕೊಟ್ಟರೆ ಅದರ ‘ಸೊನ್ನೆ’ ಒಂದೆರಡು ವೋಲ್ಟ್ ಮೇಲೆಯೇ ನಿಂತುಬಿಡುತ್ತದೆ. ಮುಂದಿನ ಮೈಕ್ರೋಕಂಟ್ರೋಲರ್ ಅದನ್ನು ಸೊನ್ನೆ ಎಂದೇ ಓದುತ್ತದೆಂಬ ಭರವಸೆ ಇಲ್ಲ. ಆಡಿಯೋದವರ ಅಚ್ಚುಮೆಚ್ಚಿನ ಆಪ್ ಆಂಪ್ ಎನ್‌ಇ5532ರ ಇನ್‌ಪುಟ್‌ಗಳ ನಡುವೆ ಎದುರುಬದುರಾಗಿ ಡಯೋಡ್‌ಗಳಿವೆ. ಎರಡು ಇನ್‌ಪುಟ್‌ಗಳಿಗೆ 0.6 ವೋಲ್ಟ್‌ಗಿಂತ ಹೆಚ್ಚು ಅಂತರ ಬಿದ್ದರೆ ಅವು ಕರೆಂಟ್ ಹರಿಸತೊಡಗುತ್ತವೆ, ನಿಮ್ಮ ರೆಫರೆನ್ಸ್ ವೋಲ್ಟೇಜೇ ಅಲುಗಾಡುತ್ತದೆ. ಕಂಪೇರೇಟರ್‌ಗಾದರೋ ಇನ್‌ಪುಟ್‌ಗಳ ಅಂತರವೇ ದಿನನಿತ್ಯದ ಅನ್ನ.

ಇಷ್ಟಾದರೂ ‘ನನ್ನ ಸರ್ಕ್ಯೂಟ್ ಕೆಲಸ ಮಾಡುತ್ತಿದೆಯಲ್ಲ’ ಎನ್ನುವವರಿದ್ದಾರೆ. ಸಂಜೆಯಾದರೆ ದೀಪ ಹೊತ್ತಿಸುವ ಎಲ್‌ಡಿಆರ್ ಸರ್ಕ್ಯೂಟ್, ನೀರಿನ ಟ್ಯಾಂಕಿನ ಸೂಚಕ, ಬ್ಯಾಟರಿ ಇಳಿದದ್ದನ್ನು ಹೇಳುವ ಎಲ್‌ಇಡಿ: ಇವರ ಮಾತು ಸರಿಯೇ. ಕತ್ತಲಾಗಲು ಹತ್ತಾರು ನಿಮಿಷ ಹಿಡಿಯುವಾಗ ಮೈಕ್ರೋಸೆಕೆಂಡಿನ ಲೆಕ್ಕ ಯಾರಿಗೆ ಬೇಕು? ಬೋರ್ಡಿನಲ್ಲಿ ಜೋಡಿ ಆಪ್ ಆಂಪ್ ಎಲ್‌ಎಂ358ರ ಒಂದು ಅರ್ಧ ಖಾಲಿ ಇದ್ದರೆ ಧಾರಾಳವಾಗಿ ಬಳಸಿ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ನಿಜವಾದ ಕಂಪೇರೇಟರ್ ಚುರುಕಾಗಿರುವುದರಿಂದಲೇ ಗಡಿಯ ಬಳಿ ಪಟಪಟನೆ ಹೊಯ್ದಾಡುತ್ತದೆ, ಮಂದವಾದ ಆಪ್ ಆಂಪ್ ಶಾಂತವಾಗಿರುತ್ತದೆ ಎಂಬುದು. ನಿಜ, ಆದರೆ ಆ ಮಂದಗತಿ ಗದ್ದಲವನ್ನು ಮುಚ್ಚಿಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಮುಸ್ಸಂಜೆಯ ಬೆಳಕಿನಲ್ಲಿ 358 ಹಾಕಿದ ರಿಲೇಯೂ ಕಟಕಟ ಎನ್ನುತ್ತದೆ. ಇದರ ಮದ್ದು ಹಿಸ್ಟೆರಿಸಿಸ್. ಸ್ಕ್ವಿಡ್ ಎಂಬ ಕಡಲಜೀವಿಯ ನರದ ಅಧ್ಯಯನದಲ್ಲಿದ್ದ ಆಟೋ ಸ್ಮಿಟ್ 1930ರ ದಶಕದಲ್ಲೇ ಕಂಡುಕೊಟ್ಟ ಉಪಾಯ. ಸಿಗ್ನಲ್ ಮೈನಸ್ ಇನ್‌ಪುಟ್‌ಗೆ ಹೋಗಲಿ. ರೆಫರೆನ್ಸ್ ವೋಲ್ಟೇಜನ್ನು 10 ಕಿಲೋಓಮ್ ಮೂಲಕ ಪ್ಲಸ್ ಇನ್‌ಪುಟ್‌ಗೆ ಕೊಡಿ, ಔಟ್‌ಪುಟ್‌ನಿಂದ ಅದೇ ಕಾಲಿಗೆ 1 ಮೆಗಾಓಮ್ ಎಳೆಯಿರಿ. ಔಟ್‌ಪುಟ್ ಸೊನ್ನೆಗೂ 5 ವೋಲ್ಟ್‌ಗೂ ಓಡಾಡುವುದಾದರೆ ಗಡಿಯೇ ಸುಮಾರು 50 ಮಿಲಿವೋಲ್ಟ್ ಸರಿಯುತ್ತದೆ, ಒಮ್ಮೆ ಹೇಳಿದ ತೀರ್ಪು ಸಣ್ಣಪುಟ್ಟ ಗದ್ದಲಕ್ಕೆ ಬದಲಾಗದು. ಎರಡು ರೆಸಿಸ್ಟರ್‌ಗಳ ಈ ಕೆಲಸವನ್ನು ಯಾವ ಚಿಪ್ ಹಾಕಿದರೂ ಬಿಡಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್‌ಎಂ358 ಕೇಳಿದ ಬಾಯಲ್ಲೇ ಎಲ್‌ಎಂ393 ಕೇಳಿ. ಎರಡರ ಎಂಟೂ ಕಾಲುಗಳ ಜೋಡಣೆ ಒಂದೇ, ಅದೇ ಸಾಕೆಟ್‌ನಲ್ಲಿ ಕೂರುತ್ತದೆ. ಒಂದು ಮಾತ್ರ ಮರೆಯಬೇಡಿ: 393ರ ಔಟ್‌ಪುಟ್ ಓಪನ್ ಕಲೆಕ್ಟರ್. ಅದು ಕೆಳಗೆ ಎಳೆಯಬಲ್ಲದು, ಮೇಲೆ ತಳ್ಳಲಾರದು. ಚಿಪ್ ಸತ್ತಿದೆ ಎಂದು ಬಿಸಾಡುವ ಮುನ್ನ ಔಟ್‌ಪುಟ್‌ಗೂ ಸಪ್ಲೈಗೂ ನಡುವೆ 4.7 ಕಿಲೋಓಮ್ ಹಾಕಿ ನೋಡಿ.